ಕೋಬೆ ಮಸೀದಿ: ಕತೆ ಮತ್ತು ಚರಿತ್ರೆ

ಜಪಾನಿನ ಒಂದು ಮಸೀದಿಯ ಚಿತ್ರ ಹಲವು ವರ್ಷಗಳಿಂದ ನಮ್ಮ ಸಮುದಾಯದಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಮೊದಲು ಇ-ಮೇಲ್‌ನಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರುತ್ತದೆ. ಸುತ್ತಲೂ ಸುಟ್ಟು ನೆಲಸಮವಾದ ಊರು, ನಡುವೆ ಗುಮ್ಮಟ ಮಿನಾರುಗಳ ಸಹಿತ ನೆಟ್ಟಗೆ ನಿಂತ ಒಂದು ಕಟ್ಟಡ. ಅಣುಬಾಂಬಿಗೂ ಜಗ್ಗದ ಮಸೀದಿ ಎಂಬ ಅರ್ಥದ ಒಕ್ಕಣೆ ಚಿತ್ರದ ಕೆಳಗೆ ಇರುತ್ತದೆ. ಇತರರಿಗೂ ಕಳುಹಿಸಿ ಪುಣ್ಯ ಗಳಿಸಿರಿ ಎಂಬ ಸೂಚನೆಯೂ ಕೆಲವೊಮ್ಮೆ ಇರುತ್ತದೆ.

ಚಿತ್ರ ನಿಜ. ಮಸೀದಿಯೂ ನಿಜ. ಅದು ಕೋಬೆ ಎಂಬ ಬಂದರು ನಗರದಲ್ಲಿದೆ. ಆದರೆ ಕೋಬೆಯ ಮೇಲೆ ಅಣುಬಾಂಬ್ ಬಿದ್ದಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಬಿತ್ತು. ಹಿರೋಶಿಮಾ ಕೋಬೆಯಿಂದ ರೈಲು ದಾರಿಯಲ್ಲಿ ಸುಮಾರು 300 ಕಿಲೋಮೀಟರ್ ದೂರ. ನಾಗಸಾಕಿ ಬೇರೆಯೇ ದ್ವೀಪದಲ್ಲಿದೆ. ಯಾವುದೇ ಶಾಲೆಯ ಭೂಪಟ ನೋಡಿದರೂ ತಿಳಿಯುವ ಸಂಗತಿ ಇದು. ತಂದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ ಎಂದು ಮಿಂಬರಿನಿಂದ ಎಷ್ಟೋ ಬಾರಿ ಕೇಳಿದ್ದೇವೆ. ಮಸೀದಿಯ ಬಗ್ಗೆಯೇ ಬಂದ ಸುದ್ದಿಗೆ ಆ ಆದೇಶ ಅನ್ವಯಿಸುವುದಿಲ್ಲವೆಂದು ನಾವು ತಿಳಿದಂತಿದೆ.

ಕೆಲಸದ ನಿಮಿತ್ತ ಒಸಾಕಾಕ್ಕೆ ಹೋಗಿದ್ದಾಗ ಎರಡು ದಿನ ಬಿಡುವು ಮಾಡಿಕೊಂಡು ಕೋಬೆಯನ್ನು ನೋಡಿದೆ. ಒಸಾಕಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ಪ್ರಯಾಣ. ಆ ಎರಡು ದಿನಗಳಲ್ಲಿ ನೋಡಿದ್ದನ್ನೂ, ಹೋಗುವ ಮೊದಲು ಮತ್ತು ಬಂದ ಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಣುಬಾಂಬಿನ ಕತೆಯಲ್ಲಿ ಒಂದು ಕಟ್ಟಡವಿದೆ, ಮನುಷ್ಯರೇ ಇಲ್ಲ. ನಿಜವಾದ ಚರಿತ್ರೆಯಲ್ಲಿ ಮನುಷ್ಯರು ತುಂಬ ಇದ್ದಾರೆ.

ಕೋಬೆಯ ನೆಲ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕಡಲು, ನಡುವೆ ಪಟ್ಟಿಯಂತಹ ನೆಲ. ನಮ್ಮಲ್ಲಿ ಘಟ್ಟ ಮೂಡಣಕ್ಕೆ, ಕಡಲು ಪಡುವಣಕ್ಕೆ. ಅಲ್ಲಿ ರೊಕ್ಕೊ ಬೆಟ್ಟಸಾಲು ಉತ್ತರಕ್ಕೆ, ಕಡಲು ದಕ್ಷಿಣಕ್ಕೆ. ಊರಿನವರು ದಾರಿ ಹೇಳುವಾಗ ಉತ್ತರ ದಕ್ಷಿಣ ಎನ್ನುವುದು ಕಡಿಮೆ. ಬೆಟ್ಟದ ಬದಿಗೆ ಹೋಗಿ, ಕಡಲ ಬದಿಗೆ ಬನ್ನಿ ಎನ್ನುತ್ತಾರೆ. ಸನ್ನೊಮಿಯಾ ಎಂಬ ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದು ಬೆಟ್ಟದ ಬದಿಗೆ ಹತ್ತು ನಿಮಿಷ ನಡೆದರೆ ಮಸೀದಿ ಸಿಗುತ್ತದೆ.

ಇಲ್ಲಿಯ ಬಂದರು ಬಹಳ ಹಳೆಯದು. ಹ್ಯೋಗೊ ಎಂದು ಅದರ ಹೆಸರು. 12ನೆಯ ಶತಮಾನದಲ್ಲಿ ತೈರಾ ನೊ ಕಿಯೊಮೊರಿ ಎಂಬ ಪ್ರಬಲ ಸೇನಾಪತಿ ಚೀನಾದೊಂದಿಗಿನ ವ್ಯಾಪಾರಕ್ಕಾಗಿ ಅದನ್ನು ದುರಸ್ತಿಗೊಳಿಸಿದ. 1180ರಲ್ಲಿ ಕೆಲವು ತಿಂಗಳ ಕಾಲ ದೇಶದ ರಾಜಧಾನಿಯನ್ನೇ ಇದರ ಸಮೀಪಕ್ಕೆ ತಂದಿದ್ದ. ಮುಂದೆ ಜಪಾನ್ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹೊರಜಗತ್ತಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿತು. ಪಾಶ್ಚಾತ್ಯ ರಾಷ್ಟ್ರಗಳ ಒತ್ತಡದಿಂದ ಬಾಗಿಲು ತೆರೆದಾಗ, 1868ರ ಜನವರಿ 1ರಂದು ಕೋಬೆ ವಿದೇಶಿ ವ್ಯಾಪಾರಕ್ಕೆ ಮುಕ್ತವಾಯಿತು. ಕಡಲ ಬದಿಯಲ್ಲಿ ವಿದೇಶಿಯರಿಗೆಂದೇ ಒಂದು ಬಡಾವಣೆ ನಿರ್ಮಾಣವಾಯಿತು. ಬ್ರಿಟಿಷ್ ಇಂಜಿನಿಯರ್ ಜಾನ್ ವಿಲಿಯಂ ಹಾರ್ಟ್ ಅದರ ನಕ್ಷೆ ತಯಾರಿಸಿದ. 1899ರಲ್ಲಿ ಆ ಪ್ರದೇಶ ಜಪಾನ್ ಸರ್ಕಾರದ ಆಡಳಿತಕ್ಕೆ ಮರಳಿತು. ವಿದೇಶಿಯರ ಸಂಖ್ಯೆ ಹೆಚ್ಚಿದಂತೆ ಅವರು ಬೆಟ್ಟದ ಬುಡದ ಕಿತಾನೊ ಎಂಬಲ್ಲಿ ಮನೆ ಕಟ್ಟಿಕೊಂಡರು. ಆ ಮನೆಗಳಲ್ಲಿ ಹಲವು ಇಂದಿಗೂ ಉಳಿದಿವೆ. ಜರ್ಮನ್ ವ್ಯಾಪಾರಿಯೊಬ್ಬನಿಗಾಗಿ 1909ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮನೆಯ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಲೋಹದ ಹುಂಜವಿದೆ. ಪ್ರವಾಸಿಗರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಭಾರತೀಯರು ಕೋಬೆಗೆ ಬಂದದ್ದು ಹತ್ತಿಯ ದಾರಿಯಲ್ಲಿ. ಒಸಾಕಾದ ನೂಲಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಾಗಿತ್ತು. ಬೊಂಬಾಯಿಯಿಂದ ಪೂರ್ವಕ್ಕೆ ಹೋಗುವ ಹಡಗುಗಳ ಮೇಲೆ ಬ್ರಿಟಿಷ್ ಕಂಪೆನಿ ಪಿ ಅಂಡ್ ಓ ಹಿಡಿತ ಸಾಧಿಸಿ ಮನಬಂದಂತೆ ಬಾಡಿಗೆ ವಸೂಲು ಮಾಡುತ್ತಿತ್ತು. ಜಮ್ಶೆಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿ ನಿಪ್ಪಾನ್ ಯೂಸೆನ್ ಕೈಶಾ ಎಂಬ ಜಪಾನೀ ಹಡಗು ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ನವೆಂಬರ್ 7ರಂದು ‘ಹಿರೋಶಿಮಾ ಮಾರು’ ಎಂಬ ಹಡಗು ಕೋಬೆಯಿಂದ ಬೊಂಬಾಯಿಗೆ ಹೊರಟಿತು. ಜಪಾನಿನ ಆಧುನಿಕ ಹಡಗು ಉದ್ಯಮದ ಚರಿತ್ರೆಯಲ್ಲಿ ಆ ದಿನಕ್ಕೆ ದೊಡ್ಡ ಸ್ಥಾನವಿದೆ. ಬಳಿಕ ಪಾರಸಿ, ಗುಜರಾತಿ, ಸಿಂಧಿ, ಪಂಜಾಬಿ ವರ್ತಕರು ಜಪಾನಿನ ಬಂದರುಗಳಲ್ಲಿ ಅಂಗಡಿ ತೆರೆದರು. ಇವರಲ್ಲಿ ಮುಸ್ಲಿಮರೂ ಇದ್ದರು.

ಆ ವರ್ತಕರಲ್ಲಿ ಹೆಚ್ಚಿನವರು ಮೊದಲು ನೆಲೆಸಿದ್ದು ತೋಕಿಯೊ ಸಮೀಪದ ಯೊಕೊಹಾಮದಲ್ಲಿ. 1923ರ ಸೆಪ್ಟೆಂಬರ್ 1ರಂದು ಅಲ್ಲಿ ಸಂಭವಿಸಿದ ಕಾಂಟೊ ಭೂಕಂಪ ಯೊಕೊಹಾಮವನ್ನು ನಾಶಗೊಳಿಸಿತು. ತೋಕಿಯೊ ಮತ್ತು ಯೊಕೊಹಾಮಗಳಲ್ಲಿ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಬದುಕುಳಿದ ಭಾರತೀಯ ವರ್ತಕರಲ್ಲಿ ಅನೇಕರು ಕೋಬೆಗೆ ಸ್ಥಳಾಂತರಗೊಂಡರು. ಯೊಕೊಹಾಮದವರು ತಮಗೆ ಮಾಡಿದ ಉಪಕಾರದ ನೆನಪಿಗೆ ಭಾರತೀಯರು ಕಟ್ಟಿಸಿಕೊಟ್ಟ ನೀರಿನ ಮಂಟಪ ಅಲ್ಲಿನ ಯಮಾಶಿತಾ ಉದ್ಯಾನದಲ್ಲಿ ಈಗಲೂ ಇದೆ.

ಕಚ್ಚಾ ರೇಷ್ಮೆಯ ರಫ್ತು ವ್ಯಾಪಾರವೂ ಆಗ ಕೋಬೆಗೆ ಹಂಚಿಹೋಯಿತು. ರಫ್ತಿಗೆ ಮೊದಲು ರೇಷ್ಮೆಯ ಗುಣಮಟ್ಟವನ್ನು ಪರೀಕ್ಷಿಸಲು ಕೋಬೆ ನಗರಾಡಳಿತ 1927ರಲ್ಲಿ ಕಟ್ಟಿಸಿದ ಭವನ ಬಂದರಿನ ಪಕ್ಕ ಉಳಿದುಕೊಂಡಿದೆ. ಈಗ ಅದು ವಿನ್ಯಾಸ ಕಲೆಯ ಕೇಂದ್ರ. ಹೆಸರು ‘ಕೀಇತೊ’, ಅಂದರೆ ಕಚ್ಚಾ ರೇಷ್ಮೆ. ರಾಮನಗರ, ಶಿಡ್ಲಘಟ್ಟದ ರೀಲರುಗಳ ಮನೆಯಿಂದ ಬಂದ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲಿ ಇದ್ದೇ ಇರುತ್ತಾರೆ. ಬೆಂಗಳೂರಿನ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆಯ ಹೆಸರು ಹೇಗೆ ಬಂತೆಂದು ಅವರು ವಿಚಾರಿಸಿ ನೋಡಬೇಕು. ಅದೇ ಜಮ್ಶೆಟ್‌ಜಿ ಟಾಟಾ ಜಪಾನಿನಿಂದ ರೇಷ್ಮೆ ತಜ್ಞರನ್ನು ಕರೆಸಿ ಅಲ್ಲಿ ಸಾಕಣೆ ಕೇಂದ್ರ ಆರಂಭಿಸಿದ್ದರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ಗೂಡಿನ ಕೆಲಸಕ್ಕೆ 1991ರಿಂದ ನೆರವಾದದ್ದೂ ಜಪಾನೇ.

ಕೋಬೆ ಒಬ್ಬ ಮುಸ್ಲಿಮನ ಗಮನ ಸೆಳೆಯಬೇಕಾದ ಇನ್ನೊಂದು ಪ್ರಸಂಗ ಮಸೀದಿಗಿಂತ 45 ವರ್ಷ ಹಳೆಯದು. 1890ರಲ್ಲಿ ಉಸ್ಮಾನೀ ಸುಲ್ತಾನ ಎರಡನೆಯ ಅಬ್ದುಲ್ ಹಮೀದರ ದೂತರನ್ನು ಹೊತ್ತು ಜಪಾನಿಗೆ ಬಂದಿದ್ದ ‘ಎರ್ತುಗ್ರುಲ್’ ಎಂಬ ಯುದ್ಧನೌಕೆ ಮರಳುವಾಗ ಸೆಪ್ಟೆಂಬರ್ 16ರ ರಾತ್ರಿ ಚಂಡಮಾರುತಕ್ಕೆ ಸಿಲುಕಿ ಕುಶಿಮೊತೊ ಬಳಿಯ ಬಂಡೆಗಳಿಗೆ ಬಡಿದು ಮುಳುಗಿತು. 500ಕ್ಕೂ ಹೆಚ್ಚು ಮಂದಿ ಮಡಿದರು, 69 ಮಂದಿ ಉಳಿದರು. ಆ ತೀರದ ಬಡ ಬೆಸ್ತರು ತಮ್ಮ ಮನೆಯಲ್ಲಿದ್ದ ಅಲ್ಪಸ್ವಲ್ಪ ಆಹಾರವನ್ನೂ ಬಟ್ಟೆಯನ್ನೂ ಕೊಟ್ಟು ಅವರನ್ನು ಉಪಚರಿಸಿದರು. ಗಾಯಾಳುಗಳನ್ನು ಚಿಕಿತ್ಸೆಗೆ ತಂದದ್ದು ಕೋಬೆಗೆ. ಬಳಿಕ ಜಪಾನಿನ ಎರಡು ಯುದ್ಧನೌಕೆಗಳು ಅವರನ್ನು ಇಸ್ತಾಂಬುಲಿಗೆ ತಲುಪಿಸಿದವು. 1985ರಲ್ಲಿ ಇರಾನ್-ಇರಾಕ್ ಯುದ್ಧದ ನಡುವೆ ತೆಹರಾನಿನಲ್ಲಿ ಸಿಕ್ಕಿಬಿದ್ದ ಇನ್ನೂರಕ್ಕೂ ಹೆಚ್ಚು ಜಪಾನೀಯರನ್ನು ಟರ್ಕಿಯ ವಿಮಾನ ಪಾರುಮಾಡಿತು. ಎರ್ತುಗ್ರುಲ್‌ನ ಋಣವನ್ನು ತೀರಿಸಿದೆವು ಎಂದೇ ಟರ್ಕಿಯವರು ಇಂದಿಗೂ ಹೇಳುತ್ತಾರೆ. ಇಂತಹ ಪ್ರಸಂಗಗಳನ್ನು ನಮ್ಮ ಮಕ್ಕಳು ಯಾರಿಗೂ ಫಾರ್ವರ್ಡ್ ಮಾಡಿದ್ದನ್ನು ನಾನು ಕಂಡಿಲ್ಲ.

ಮಸೀದಿಯ ಇನ್ನೊಂದು ಬೇರು ರಶ್ಯಾದಲ್ಲಿದೆ. 1917ರ ಕ್ರಾಂತಿ ಮತ್ತು ಅದರ ನಂತರದ ಅಂತರ್ಯುದ್ಧದಲ್ಲಿ ವೋಲ್ಗಾ ಮತ್ತು ಯುರಾಲ್ ಪ್ರದೇಶದ ತಾತಾರ್ ಮುಸ್ಲಿಮರು ಮನೆಮಠ ಬಿಟ್ಟು ಪೂರ್ವಕ್ಕೆ ಹೊರಟರು. ಸೈಬೀರಿಯಾ ದಾಟಿ, ಮಂಚೂರಿಯಾದಲ್ಲಿ ಕೆಲ ಕಾಲ ಇದ್ದು, ಕೆಲವು ನೂರು ಮಂದಿ ಜಪಾನಿಗೆ ಬಂದು ಸೇರಿದರು. ಕೈಯಲ್ಲಿ ಹಣವಿಲ್ಲ, ಯಾವ ದೇಶದ ಪೌರತ್ವವೂ ಇಲ್ಲ. ಉಣ್ಣೆ ಬಟ್ಟೆಯ ಗಂಟನ್ನು ಹೆಗಲಿಗೇರಿಸಿ ಮನೆಮನೆಗೆ ಹೋಗಿ ಮಾರುವುದು ಅವರಲ್ಲಿ ಹೆಚ್ಚಿನವರ ಕಸುಬಾಯಿತು. ತೋಕಿಯೊ, ನಗೋಯಾ, ಕೋಬೆಗಳಲ್ಲಿ ಅವರು ನೆಲೆಸಿದರು. ಎಲ್ಲಿ ನೆಲೆಸಿದರೋ ಅಲ್ಲಿ ಮಕ್ಕಳ ಧಾರ್ಮಿಕ ಶಿಕ್ಷಣಕ್ಕೆ ಏರ್ಪಾಡು ಮಾಡಿಕೊಂಡರು. ಬಾಡಿಗೆ ಕೋಣೆಯಲ್ಲಿ ನಮಾಝ್, ಬಾಡಿಗೆ ಸಭಾಂಗಣದಲ್ಲಿ ಈದ್.

ಕೋಬೆಯಲ್ಲಿ ಹೀಗೆ ಎರಡು ಬಗೆಯ ಮುಸ್ಲಿಮರು ಒಂದೇ ಇಳಿಜಾರಿನ ಬೀದಿಗಳಲ್ಲಿ ವಾಸವಾಗಿದ್ದರು. ಭಾರತದ ವರ್ತಕರ ಕೈಯಲ್ಲಿ ಹಣವಿತ್ತು. ವ್ಯಾಪಾರ ಮುಗಿದರೆ ಮರಳಲು ಊರೂ ಇತ್ತು. ತಾತಾರರಿಗೆ ಹಣವಿರಲಿಲ್ಲ, ಮರಳುವ ಊರೂ ಇರಲಿಲ್ಲ. ಭಾಷೆ ಬೇರೆ, ಊಟ ಬೇರೆ. 1928ರಲ್ಲಿ ಮಸೀದಿಗಾಗಿ ಚಂದಾ ಸಂಗ್ರಹ ಆರಂಭವಾಯಿತು. ಅತಿ ದೊಡ್ಡ ದೇಣಿಗೆ ಕೊಟ್ಟವರು ಫಿರೋಝುದ್ದೀನ್ ಎಂಬ ಭಾರತೀಯ ವರ್ತಕರು. ಆದರೂ ಹಣ ಕೂಡಿಬಂದು ಕಟ್ಟಡ ಎದ್ದು ನಿಲ್ಲಲು ಏಳು ವರ್ಷ ಬೇಕಾಯಿತು. ನಮ್ಮ ಊರುಗಳಲ್ಲಿ ಮಸೀದಿ ಸಮಿತಿಯ ಕೆಲಸ ಮಾಡಿದವರಿಗೆ ಆ ಏಳು ವರ್ಷಗಳಲ್ಲಿ ಏನೆಲ್ಲ ನಡೆದಿರಬಹುದೆಂದು ವಿವರಿಸಿ ಹೇಳಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಸಮಿತಿಯವರು ಒಂದು ವರದಿಯನ್ನೂ ಅಚ್ಚು ಹಾಕಿಸಿದರು. ಇಂದು ಸಂಶೋಧಕರಿಗೆ ಈ ಚರಿತ್ರೆ ಸಿಗುತ್ತಿರುವುದು ಅಂತಹ ಕಾಗದಪತ್ರಗಳಿಂದಲೇ. ನಮ್ಮ ಎಷ್ಟು ಜಮಾಅತ್‌ಗಳಲ್ಲಿ, ಎಷ್ಟು ಅಂಜುಮನ್‌ಗಳಲ್ಲಿ ಮೊದಲ ಕಟ್ಟಡದ ಚಂದಾ ಪುಸ್ತಕ ಉಳಿದಿದೆ? ನೂರು ವರ್ಷದ ಹಿಂದೆ ಎಂಟಾಣೆ ಕೊಟ್ಟ ಬೀಡಿ ಕಾರ್ಮಿಕನ ಹೆಸರು ಯಾರ ಬಳಿ ಇದೆ?

ಕಟ್ಟಡದ ನಕ್ಷೆ ತಯಾರಿಸಿದವರು ಯಾನ್ ಯೋಸೆಫ್ ಶ್ವಾಗರ್ ಎಂಬ ಝೆಕ್ ವಾಸ್ತುಶಿಲ್ಪಿ. ಜಪಾನಿನಲ್ಲಿ ಅನೇಕ ಕ್ರೈಸ್ತ ಆರಾಧನಾಲಯಗಳನ್ನು ವಿನ್ಯಾಸಗೊಳಿಸಿದ ವ್ಯಕ್ತಿ ಅವರು. ಕಟ್ಟಿದ್ದು ತಕೆನಾಕಾ ಎಂಬ ಜಪಾನೀ ಕಂಪೆನಿ. ಭಾರತೀಯರ ಹಣ, ತಾತಾರರ ಜಮಾಅತ್, ಒಬ್ಬ ಯುರೋಪಿಯನ್ ಕ್ರೈಸ್ತನ ನಕ್ಷೆ, ಜಪಾನೀ ಕೆಲಸಗಾರರ ಕೈ. 1935ರ ಅಕ್ಟೋಬರಿನಲ್ಲಿ ಜಪಾನಿನ ಮೊದಲ ಮಸೀದಿ ಕೋಬೆಯಲ್ಲಿ ಉದ್ಘಾಟನೆಯಾಯಿತು. ತೋಕಿಯೊದಲ್ಲಿ ಮಸೀದಿ ಆದದ್ದು ಮೂರು ವರ್ಷಗಳ ಬಳಿಕ, 1938ರಲ್ಲಿ.

ಕಟ್ಟಡದ ಬಗ್ಗೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇದು ಉಕ್ಕಿನ ಸರಳುಗಳನ್ನು ಒಳಗಿಟ್ಟು ಎರಕ ಹೊಯ್ದ ಕಾಂಕ್ರೀಟಿನ ಕಟ್ಟಡ. ಸುತ್ತಲಿನ ಮನೆಗಳಲ್ಲಿ ಹೆಚ್ಚಿನವು ಮರದವು. ಎರಡನೆಯದಾಗಿ, ಇದಕ್ಕೆ ನೆಲಮಾಳಿಗೆಯಿದೆ, ಅಂದರೆ ಬುನಾದಿ ಆಳಕ್ಕೆ ಇಳಿದಿದೆ. ಇದರ ಹಿಂದೆ 1923ರ ಭೂಕಂಪದ ಪಾಠವಿದೆ. ಆ ದುರಂತದ ಮರುವರ್ಷವೇ, 1924ರಲ್ಲಿ, ದೊಡ್ಡ ನಗರಗಳಲ್ಲಿ ಕಟ್ಟುವ ಕಟ್ಟಡಗಳು ಭೂಮಿ ಅಡ್ಡಡ್ಡ ಅಲುಗಾಡುವಾಗ ಬೀಳುವ ಒತ್ತಡವನ್ನು ಲೆಕ್ಕಹಾಕಿಯೇ ವಿನ್ಯಾಸಗೊಳ್ಳಬೇಕೆಂದು ಜಪಾನ್ ತನ್ನ ಕಟ್ಟಡ ಕಾನೂನಿನಲ್ಲಿ ಸೇರಿಸಿತು. ಕಟ್ಟಡದ ತೂಕದ ಹತ್ತನೆಯ ಒಂದು ಪಾಲಿನಷ್ಟು ಬಲ ಪಕ್ಕದಿಂದ ತಳ್ಳಿದರೂ ಅದು ತಡೆದುಕೊಳ್ಳಬೇಕು ಎಂಬುದು ಆ ನಿಯಮದ ತಿರುಳು. ಕೋಬೆಯ ಮಸೀದಿ ಆ ಕಾಲದಲ್ಲಿ, ಆ ತಿಳಿವಳಿಕೆಯಲ್ಲಿ ಎದ್ದ ಕಟ್ಟಡ. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ತಿಳಿಸಿದ ಪ್ರಸಂಗ ಮದ್ರಸಾದ ಚಿಕ್ಕ ಮಕ್ಕಳಿಗೂ ಗೊತ್ತಿದೆ. ಕೋಬೆಯವರು ಒಂಟೆಯನ್ನು ಚೆನ್ನಾಗಿಯೇ ಕಟ್ಟಿದ್ದರು.

ಎಂಟು ವರ್ಷ ಕಳೆಯುವಷ್ಟರಲ್ಲಿ ಯುದ್ಧ ಬಂತು. 1943ರಲ್ಲಿ ಜಪಾನಿನ ನೌಕಾಪಡೆ ಮಸೀದಿಯ ಕಟ್ಟಡವನ್ನು ವಶಪಡಿಸಿಕೊಂಡಿತು. 1945ರ ಮಾರ್ಚ್ 17ರಂದು 300ಕ್ಕೂ ಹೆಚ್ಚು ಅಮೆರಿಕನ್ ಬಿ-29 ವಿಮಾನಗಳು ಕೋಬೆಯ ಮೇಲೆ ಬೆಂಕಿಬಾಂಬುಗಳನ್ನು ಸುರಿದವು. ಜೂನ್ 5ರಂದು ಮತ್ತೊಮ್ಮೆ ದೊಡ್ಡ ದಾಳಿ ನಡೆಯಿತು. ಈ ಬಾಂಬುಗಳ ಉದ್ದೇಶ ಗೋಡೆ ಕೆಡಹುವುದಲ್ಲ, ಮರದ ಮನೆಗಳಿಗೆ ಬೆಂಕಿ ಹಚ್ಚುವುದು. ಸಾವಿರಾರು ಜನ ಸತ್ತರು, ಊರಿನ ಬಹುಭಾಗ ಬೂದಿಯಾಯಿತು. ಜಪಾನೀ ಲೇಖಕ ನೊಸಾಕಾ ಅಕಿಯುಕಿ ಜೂನ್ ದಾಳಿಯಲ್ಲಿ ಸಿಕ್ಕ ಬಾಲಕ. ಆತ ಮುಂದೆ ಬರೆದ ಕತೆಯನ್ನು ಆಧರಿಸಿ 1988ರಲ್ಲಿ ತಯಾರಾದ ಚಲನಚಿತ್ರ, ಅಣ್ಣ ತಂಗಿಯರಿಬ್ಬರ ದುರಂತ, ಜಗತ್ತಿನಾದ್ಯಂತ ಜನರನ್ನು ಅಳಿಸಿತು. ನಮ್ಮ ಮೊಬೈಲಿಗೆ ಬರುವ ಆ ಚಿತ್ರದಲ್ಲಿ ಮಸೀದಿಯ ಸುತ್ತ ಕಾಣುವ ಬಯಲು ಆ ಮನೆಗಳದ್ದು. ಕಾಂಕ್ರೀಟಿನ ಮಸೀದಿ ಉಳಿಯಿತು. ಕೋಬೆಯಲ್ಲಿ ಉಳಿದ ಕಟ್ಟಡ ಅದೊಂದೇ ಅಲ್ಲ. ಕಾಂಕ್ರೀಟಿನ ಬೇರೆ ಕಟ್ಟಡಗಳೂ ಉಳಿದವು, ಕಿತಾನೊದ ಹಲವು ಮನೆಗಳೂ ಉಳಿದವು.

ಕಾಪಾಡುವವನು ಅಲ್ಲಾಹನೇ ಎಂಬುದರಲ್ಲಿ ಯಾವ ಮುಸ್ಲಿಮನಿಗೂ ಸಂಶಯವಿಲ್ಲ. ಆದರೆ ಆ ಚಿತ್ರವನ್ನು ಪುರಾವೆಯಾಗಿ ಎತ್ತಿಹಿಡಿಯುವವರು ನಗೋಯಾದ ಬಗ್ಗೆ ಏನು ಹೇಳುತ್ತಾರೆ? ಅಲ್ಲಿಯೂ ತಾತಾರರು ಬಟ್ಟೆ ಗಂಟು ಹೊತ್ತು ಉಳಿಸಿದ ಹಣದಿಂದ 1930ರ ದಶಕದಲ್ಲಿ ಒಂದು ಪುಟ್ಟ ಮಸೀದಿ ಕಟ್ಟಿದ್ದರು. ಯುದ್ಧ ಕಾಲದ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಅಲ್ಲಿ ನಮಾಝ್ ಮಾಡಿದವರ ಈಮಾನ್ ಕೋಬೆಯವರಿಗಿಂತ ಕಡಿಮೆಯಾಗಿತ್ತೇ? ಇನ್ನೊಂದು ಮಾತು. ನಮ್ಮ ಕಟ್ಟಡ ನಿಂತಿದೆ, ಸುತ್ತಲಿನದೆಲ್ಲ ಸುಟ್ಟಿದೆ ಎಂದು ನಾವು ಸಂತೋಷದಿಂದ ಹಂಚುವ ಚಿತ್ರದಲ್ಲಿ ಆ ಸುಟ್ಟ ಮನೆಗಳವರು ಮಸೀದಿಯ ನೆರೆಯವರು. ನೆರೆಯವನ ಹಕ್ಕಿನ ಬಗ್ಗೆ ನಾವು ಕಲಿತ ಪಾಠಕ್ಕೂ ಈ ಸಂತೋಷಕ್ಕೂ ಹೊಂದಿಕೆಯಾಗುವುದಿಲ್ಲ. ಒಬ್ಬ ಜಪಾನೀ ಗೆಳೆಯನಿಗೆ ಅದನ್ನು ಕಳುಹಿಸಲು ನಮಗೆ ಮನಸ್ಸಾದೀತೇ ಎಂದು ಯೋಚಿಸಿದರೆ ಸಾಕು.

ಯುದ್ಧಾನಂತರ ತಾತಾರರ ಬದುಕು ಬದಲಾಯಿತು. 1953ರಲ್ಲಿ ಟರ್ಕಿ ಅವರಿಗೆ ಪೌರತ್ವ ನೀಡಿತು. ಮೂರು ದಶಕ ಯಾವ ದೇಶದವರೂ ಅಲ್ಲದೆ ಇದ್ದವರಿಗೆ ಪಾಸ್‌ಪೋರ್ಟ್ ಸಿಕ್ಕಿತು. ಹೆಚ್ಚಿನವರು ಟರ್ಕಿಗೂ ಅಮೆರಿಕಾಕ್ಕೂ ಹೊರಟುಹೋದರು. ಕೋಬೆಯ ಹಿಂದಿನ ಬೆಟ್ಟದ ಮೇಲಿರುವ ವಿದೇಶಿಯರ ದಫನಭೂಮಿಯಲ್ಲಿ ಅವರ ಹಿರಿಯರ ಕಬರ್‌ಗಳಿವೆ.

1995ರ ಜನವರಿ 17ರಂದು ಬೆಳಗ್ಗೆ 5 ಗಂಟೆ 46 ನಿಮಿಷಕ್ಕೆ ಕೋಬೆಯಲ್ಲಿ ಭೂಮಿ ನಡುಗಿತು. ಜಪಾನಿನ ಅಳತೆಯಲ್ಲಿ 7.3 ತೀವ್ರತೆ. ಒಟ್ಟು 6,434 ಮಂದಿ ಸತ್ತರು. ಕಂಬಗಳ ಮೇಲೆ ನಿಂತಿದ್ದ ಹೆದ್ದಾರಿ ನೂರಾರು ಮೀಟರ್ ಉದ್ದಕ್ಕೆ ಮಗ್ಗುಲಿಗೆ ಉರುಳಿತು. ನಗರಸಭೆಯ ಒಂದು ಕಟ್ಟಡದ 6ನೆಯ ಮಹಡಿ ಚಪ್ಪಟೆಯಾಯಿತು. ನಗಾತಾ ಪ್ರದೇಶದಲ್ಲಿ ಬೆಂಕಿ ಹರಡಿತು. ಸತ್ತವರಲ್ಲಿ ಬಹುಪಾಲು ಜನ ಮನೆ ಕುಸಿದು ಅದರಡಿ ಸಿಕ್ಕಿದವರು. ಗಾಳಿಗೆ ಹಾರಿಹೋಗದಿರಲೆಂದು ಭಾರವಾದ ಹೆಂಚು ಹೊದಿಸಿದ ಹಳೆಯ ಮರದ ಮನೆಗಳೇ ಹೆಚ್ಚು ಕುಸಿದವು. ಚಂಡಮಾರುತದಿಂದ ರಕ್ಷಿಸಿದ ಹೆಂಚು ಭೂಕಂಪದಲ್ಲಿ ಪ್ರಾಣ ತೆಗೆಯಿತು. 1981ರಲ್ಲಿ ಬಿಗಿಗೊಳಿಸಿದ ಕಟ್ಟಡ ನಿಯಮದ ನಂತರ ಕಟ್ಟಿದವುಗಳಿಗೆ ಹಾನಿ ಕಡಿಮೆ, ಮೊದಲಿನವುಗಳಿಗೆ ಹೆಚ್ಚು ಎಂಬುದು ಸ್ಪಷ್ಟವಾಗಿ ಕಂಡುಬಂತು. ಅದಕ್ಕಿಂತ 46 ವರ್ಷ ಹಳೆಯದಾದ ಮಸೀದಿ ಮಾತ್ರ ದೊಡ್ಡ ಹಾನಿಯಿಲ್ಲದೆ ಉಳಿಯಿತು, ಮನೆ ಕಳೆದುಕೊಂಡವರಿಗೆ ಆಶ್ರಯವನ್ನೂ ನೀಡಿತು. ಬಾಂಬಿನ ಕತೆಯನ್ನು ಹಂಚುವವರು ಆ ಆಶ್ರಯದ ಮಾತನ್ನು ಕಡೆಯ ಸಾಲಿಗೆ ತಳ್ಳಿರುತ್ತಾರೆ, ಇಲ್ಲವೇ ಬಿಟ್ಟೇ ಬಿಟ್ಟಿರುತ್ತಾರೆ.

ನಾನು ಹೋದದ್ದು ಶುಕ್ರವಾರ. ಇಕ್ಕಟ್ಟಾದ ಬೀದಿಯ ಅಂಚಿನಲ್ಲಿ ಕೆನೆಬಣ್ಣದ ಗೋಡೆ, ಅದರ ಮೇಲೆ ಗುಮ್ಮಟ ಮತ್ತು ಮಿನಾರುಗಳು. ದೊಡ್ಡ ಮಸೀದಿಯೇನಲ್ಲ, ನಮ್ಮ ತಾಲೂಕು ಕೇಂದ್ರಗಳ ಜುಮಾ ಮಸೀದಿಗಳಷ್ಟೇ ಇದ್ದೀತು. ಒಳಗೆ ಗುಮ್ಮಟದ ಕೆಳಗೆ ತೂಗುವ ದೀಪಗುಚ್ಛ, ಮೇಲಂತಸ್ತಿನಲ್ಲಿ ಸ್ತ್ರೀಯರಿಗೆ ಸ್ಥಳ. ಸಾಲಿನಲ್ಲಿ ಇಂಡೊನೇಶಿಯಾದ ವಿದ್ಯಾರ್ಥಿಗಳು, ಪಾಕಿಸ್ತಾನದ ವ್ಯಾಪಾರಿಗಳು, ಬಾಂಗ್ಲಾದೇಶ ಮತ್ತು ಅರಬ್ ದೇಶಗಳವರು, ಇಸ್ಲಾಮ್ ಸ್ವೀಕರಿಸಿದ ಜಪಾನೀಯರು ಇದ್ದರು. ನನ್ನ ಎಡಕ್ಕೆ ನಿಂತವರ ಭಾಷೆ ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ನಮಾಝ್ ಮುಗಿದ ಮೇಲೆ ಇಬ್ಬರೂ ಕೈಕುಲುಕಿ ನಕ್ಕೆವು. ಹೊರಗೆ ಬಂದಾಗ ಮೂರು ನಾಲ್ಕು ಜಪಾನೀ ಹೆಂಗಸರು ಒಳಗೆ ನೋಡಬಹುದೇ ಎಂದು ವಿಚಾರಿಸುತ್ತಿದ್ದರು. ಮಸೀದಿಯವರು ತಲೆಗೆ ಹೊದೆಯಲು ಬಟ್ಟೆ ಕೊಟ್ಟು ಕರೆದುಕೊಂಡು ಹೋದರು. ಎದುರಿನ ಸಾಲಿನಲ್ಲಿ ಹಲಾಲ್ ಅಂಗಡಿಗಳಿವೆ. ಬಾಸುಮತಿ ಅಕ್ಕಿ, ಮಸಾಲೆ ಪುಡಿ ಎಲ್ಲ ಸಿಗುತ್ತದೆ.

ಕಿತಾನೊದ ಆ ಇಳಿಜಾರಿನಲ್ಲಿ ನಡೆದರೆ ಅರ್ಧ ದಿನದಲ್ಲಿ ಜಗತ್ತನ್ನೇ ಸುತ್ತಿದಂತಾಗುತ್ತದೆ. ಅಮೃತಶಿಲೆಯ ಜೈನ ಬಸದಿ 1985ರಲ್ಲಿ ಆದದ್ದು. ಗುಜರಾತಿ ಮುತ್ತಿನ ವ್ಯಾಪಾರಿಗಳು ಅದರ ಹಿಂದೆ ಇದ್ದಾರೆ, ಯಾಕೆಂದರೆ ಕೋಬೆ ಮುತ್ತಿನ ವಹಿವಾಟಿಗೂ ಹೆಸರಾದ ಊರು. ಸಿಖ್ಖರ ಗುರುದ್ವಾರ, ಯಹೂದಿಗಳ ಆರಾಧನಾಲಯ, ಚರ್ಚುಗಳು, ಶಿಂತೊ ಗುಡಿ ಎಲ್ಲವೂ ನಡೆದು ತಲುಪುವಷ್ಟೇ ದೂರ. 1940 ಮತ್ತು 41ರಲ್ಲಿ ನಾಝಿಗಳಿಂದ ತಪ್ಪಿಸಿಕೊಂಡು, ಲಿಥುವೇನಿಯಾದಲ್ಲಿದ್ದ ಜಪಾನೀ ಅಧಿಕಾರಿ ಸುಗಿಹಾರಾ ಚಿಉನೆ ಕೊಟ್ಟ ವೀಸಾ ಹಿಡಿದು ಬಂದ ಸಾವಿರಾರು ಯಹೂದಿಗಳು ತಂಗಿದ್ದೂ ಈ ಊರಿನಲ್ಲೇ. ತಾತಾರರು ಹಾಗೆ ಬಂದು ಇಪ್ಪತ್ತು ವರ್ಷಗಳಾಗಿದ್ದವು ಅಷ್ಟೆ.

ಮರುದಿನ ಕಡಲ ಬದಿಗೆ ಇಳಿದೆ. ಕೋಬೆಯವರು ಹಿಂದಿನ ಬೆಟ್ಟಗಳನ್ನು ಅಗೆದು ಆ ಮಣ್ಣನ್ನು ಕಡಲಿಗೆ ತುಂಬಿ ಪೋರ್ಟ್ ಐಲ್ಯಾಂಡ್ ಎಂಬ ದ್ವೀಪವನ್ನೇ ನಿರ್ಮಿಸಿದ್ದಾರೆ. 1966ರಲ್ಲಿ ಆರಂಭವಾದ ಆ ಕೆಲಸ 1981ರಲ್ಲಿ ಮುಗಿಯಿತು. ಅಲ್ಲಿ ಜಪಾನಿನ ಒಂದು ಕಾಫಿ ಕಂಪೆನಿ 1987ರಲ್ಲಿ ತೆರೆದ ಕಾಫಿ ಸಂಗ್ರಹಾಲಯವಿದೆ. ಅದರ ಕಟ್ಟಡಕ್ಕೆ ಮಸೀದಿಯ ಆಕಾರ ಕೊಟ್ಟಿದ್ದಾರೆ. ಕಾಫಿ ಕುಡಿಯುವ ರೂಢಿ ಜಗತ್ತಿಗೆ ಹಬ್ಬಿದ್ದು ಮುಸ್ಲಿಮ್ ನಾಡುಗಳಿಂದ, ರಾತ್ರಿಯ ಆರಾಧನೆಗೆ ಎಚ್ಚರವಿರಲು ಯಮನಿನ ಸೂಫಿಗಳು ಅದನ್ನು ಕುಡಿಯುತ್ತಿದ್ದರು ಎಂಬುದು ಅದಕ್ಕೆ ಕಾರಣ. ಆ ಯಮನಿನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮದು. ಚಿಕ್ಕಮಗಳೂರಿನವರು ಕಾಫಿ ಕುಡಿಯುವಾಗ ನೆನೆಯದ ಸಂಬಂಧವನ್ನು ಜಪಾನೀಯರು ಗುಮ್ಮಟವಿಟ್ಟು ನೆನೆದಿದ್ದಾರೆ ಎನಿಸಿತು.

ದ್ವೀಪದಿಂದ ಈಚೆ, ಹಳೆಯ ಧಕ್ಕೆಯ ಬಳಿ ಮೆರಿಕೆನ್ ಪಾರ್ಕ್ ಎಂಬ ಉದ್ಯಾನವಿದೆ. ‘ಅಮೆರಿಕನ್’ ಎಂಬ ಪದ ಜಪಾನೀ ಕಿವಿಗೆ ಮೆರಿಕೆನ್ ಎಂದು ಕೇಳಿಸಿತ್ತು, ಹೆಸರು ಹಾಗೇ ನಿಂತಿತು. 1963ರಲ್ಲಿ ಕಟ್ಟಿದ 108 ಮೀಟರ್ ಎತ್ತರದ ಕೆಂಪು ಗೋಪುರ ಅದರ ಪಕ್ಕದಲ್ಲಿದೆ. ಉದ್ಯಾನದ ಒಂದು ಮೂಲೆಗೆ ಹೋದರೆ ನೆಲ ಇದ್ದಕ್ಕಿದ್ದಂತೆ ಕುಸಿದಿರುವುದು ಕಾಣುತ್ತದೆ. 1995ರ ಭೂಕಂಪದಲ್ಲಿ ಒಡೆದ ಧಕ್ಕೆಯ ಸುಮಾರು 60 ಮೀಟರ್ ಭಾಗವನ್ನು ದುರಸ್ತಿ ಮಾಡದೆ ಹಾಗೇ ಬಿಟ್ಟಿದ್ದಾರೆ. ಕಾಂಕ್ರೀಟ್ ಸೀಳಿ ತುಂಡು ತುಂಡಾಗಿ ನೀರಿಗೆ ವಾಲಿದೆ, ದೀಪದ ಕಂಬಗಳು ಓರೆಯಾಗಿ ನಿಂತಿವೆ, ಬಿರುಕುಗಳಲ್ಲಿ ಕಡಲ ನೀರು ಏರಿ ಇಳಿಯುತ್ತದೆ. ಸುತ್ತ ಕಟಾಂಜನ ಹಾಕಿ, ಪಕ್ಕದಲ್ಲಿ ಆ ದಿನದ ಫೋಟೊಗಳನ್ನೂ ಬಂದರಿಗೆ ಆದ ಹಾನಿಯ ವಿವರಗಳನ್ನೂ ಬರೆದು ಇಟ್ಟಿದ್ದಾರೆ. ನಾನು ನಿಂತಿದ್ದಾಗ ಒಬ್ಬ ಶಿಕ್ಷಕಿ ಸುಮಾರು ಮೂವತ್ತು ಮಕ್ಕಳನ್ನು ಅಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರು. ಭೂಕಂಪ ಆದಾಗ ಆ ಮಕ್ಕಳು ಹುಟ್ಟಿರಲಿಲ್ಲ. ಅವರು ಒಬ್ಬೊಬ್ಬರಾಗಿ ಎದ್ದು ಕಟಾಂಜನದ ಬಳಿ ಬಂದು, ವಾಲಿದ ದೀಪದ ಕಂಬಗಳನ್ನು ಎಣಿಸಿ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು.